ಹಳೇ ಪೆಟ್ಟು, ಈಗಿನ ನೋವು: ಬೆನ್ನಿನ ಚಿಕಿತ್ಸೆ ಆರಿಸುವ ಮುನ್ನ

"ಹಳೆಯ ಗಾಯದಿಂದ ಉಳಿದ ಬೆನ್ನುನೋವಿಗೆ ಚಿಕಿತ್ಸೆಗಳನ್ನು ವಿವರಿಸಿ" ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಾವೆಲ್ಲ ಮಾತ್ರೆ, ವ್ಯಾಯಾಮ, ಇಂಜೆಕ್ಷನ್, ಆಪರೇಷನ್ ಅಂತ ನಾಲ್ಕು ತಲೆಬರಹ ಹಾಕಿ ಪುಟ ತುಂಬಿಸುತ್ತೇವೆ. ಅಂಕವೂ ಬರುತ್ತದೆ. ಓಪಿಡಿಯಲ್ಲಿ ರೋಗಿ ಎದುರು ಕೂತಾಗ ಮಾತ್ರ ಆ ಪಟ್ಟಿಯಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅಂತ ಹೊಳೆಯುವುದಿಲ್ಲ. ಅದಕ್ಕೇ ಒಂದು ಕೇಸ್ ಹಿಡಿದು ಹೊರಡೋಣ.

ಮಲೆನಾಡಿನ ಕೊನೆಗೌಡರೊಬ್ಬರು, ಅಂದರೆ ಅಡಿಕೆಯ ಕೊನೆ (ಗೊನೆ) ಕೊಯ್ಯುವವರು. ಹನ್ನೊಂದು ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದು ಎಲ್‌1 (ಸೊಂಟಭಾಗದ ಬೆನ್ನುಮೂಳೆಗಳಲ್ಲಿ ಎಲ್ಲಕ್ಕಿಂತ ಮೇಲಿನದು) ಮೂಳೆಯ ಮುಂಭಾಗ ಜಜ್ಜಿ ಬೆಣೆಯಾಕಾರವಾಗಿದೆ. ನರಕ್ಕೆ ಏಟಾಗಿರಲಿಲ್ಲ, ಆಪರೇಷನ್ ಬೇಕಾಗಲಿಲ್ಲ. ಅಂಚು ಹರಿದ ಕವರಿನಿಂದ ಎಕ್ಸ್‌ರೇ ತೆಗೆದು ಕೊಟ್ಟರು. ನಾನು ಫಿಲ್ಮ್ ನೋಡಿದವಳೇ ಎಲ್‌1 ಹುಡುಕಿ ಒತ್ತಿದೆ. "ಅಲ್ಲಲ್ಲ ತಂಗೀ, ಇನ್ನೂ ಕೆಳಗೆ" ಅಂದರು. ಅವರು ತೋರಿಸಿದ್ದು ಒಂದು ಗೇಣು ಕೆಳಗೆ, ಪಂಚೆ ಕಟ್ಟುವ ಜಾಗ. ಈಗ ಮರ ಹತ್ತುವುದಿಲ್ಲ, ಫೈಬರ್ ದೋಟಿ (ಉದ್ದ ಕೋಲು) ಹಿಡಿದು ಕೊನೆ ಇಳಿಸುತ್ತಾರೆ. ಕತ್ತೆತ್ತಿ ಮೇಲೆ ನೋಡುತ್ತ ನಿಂತರೆ ನೋವು, ಬಗ್ಗಿದರೆ ಆರಾಮ.

ಇಡೀ ಪಾಠ ಇಲ್ಲೇ ಇದೆ. ಮುರಿದ ಮೂಳೆ ಎಂದೋ ಕೂಡಿಕೊಂಡಿದೆ. ಆದರೆ ಬೆಣೆಯಾದ ಮೂಳೆಯಿಂದ ಬೆನ್ನು ಅಲ್ಲಿ ಮುಂದಕ್ಕೆ ಬಾಗಿತು. ದೇಹ ನೆಟ್ಟಗೆ ನಿಲ್ಲಬೇಕಲ್ಲ, ಅದಕ್ಕಾಗಿ ಕೆಳಗಿನ ಸೊಂಟ ಹಿಂದಕ್ಕೆ ಹೆಚ್ಚು ಬಾಗಿ ಸರಿದೂಗಿಸುತ್ತದೆ. ಆ ಭಾರವೆಲ್ಲ ಹಿಂಬದಿಯ ಫೆಸೆಟ್ ಕೀಲುಗಳ, ಅಂದರೆ ಬೆನ್ನುಮೂಳೆಗಳನ್ನು ಹಿಂದಿನಿಂದ ಜೋಡಿಸುವ ಸಣ್ಣ ಕೀಲುಗಳ, ಮೇಲೆ. ದೋಟಿ ಹಿಡಿದು ಹಿಂದಕ್ಕೆ ಬಾಗಿದಾಗ ನೋಯುವುದು ಬಹುಶಃ ಅವೇ. ಫಿಲ್ಮ್‌ನಲ್ಲಿರುವುದು ಅಂದಿನ ಪೆಟ್ಟು, ನಾವು ಹುಡುಕಬೇಕಾದ್ದು ಇಂದು ನೋಯುತ್ತಿರುವ ಜಾಗ. ಎಂಆರ್‌ಐ ವಿಷಯದಲ್ಲೂ ಇದೇ ಎಚ್ಚರ ಇರಲಿ: 2015ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯ ಪ್ರಕಾರ ನೋವೇ ಇಲ್ಲದ 20 ವರ್ಷದವರಲ್ಲೂ ಶೇ. 37 ಮಂದಿಗೆ ಡಿಸ್ಕ್ ಸವೆತ ಕಾಣುತ್ತದೆ, 80ರ ವಯಸ್ಸಿನವರಲ್ಲಿ ಅದು ಶೇ. 96. "ಗ್ಯಾಪ್ ಬಂದಿದೆಯಂತೆ" ಅಂತ ಹೆದರಿ ಬರುವವರಿಗೆ ಈ ಅಂಕಿ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಮುಂದೆ ಹೋಗುವ ಮೊದಲು ಅಪಾಯದ ಗುರುತುಗಳನ್ನು ಕೇಳಲೇಬೇಕು. ಮೂತ್ರ ಕಟ್ಟುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು, ಕಾಲಿನ ಶಕ್ತಿ ಕುಂದುವುದು ಕಂಡರೆ ಅಂದೇ ಆಸ್ಪತ್ರೆಗೆ. ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. "ಹಳೇ ಏಟು" ಎಂಬ ಹಣೆಪಟ್ಟಿಯ ಹಿಂದೆ ಹೊಸ ರೋಗ ಅಡಗಿರಬಹುದು.

ಇವೇನೂ ಇಲ್ಲ ಅಂದಮೇಲೆ ಮೊದಲ ಚಿಕಿತ್ಸೆ ಚಲನೆ. 2021ರ ಕಾಕ್ರೇನ್ (ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಸಂಸ್ಥೆ) ವಿಮರ್ಶೆ 249 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು: ದೀರ್ಘಕಾಲದ ಸೊಂಟನೋವಿಗೆ ಏನೂ ಮಾಡದಿರುವುದಕ್ಕಿಂತ ವ್ಯಾಯಾಮ ಮೇಲು. ನಮ್ಮ ಕೊನೆಗೌಡರಿಗೆ ಮಂಡಿಯನ್ನು ಎದೆಗೆ ತಂದುಕೊಳ್ಳುವುದು, ಅಂಗಾಲೂರಿ ಮಲಗಿ ಸೊಂಟವನ್ನು ನೆಲಕ್ಕೆ ಒತ್ತುವುದು, ನಾಲ್ಕು ಕಾಲಿನ ಭಂಗಿಯಲ್ಲಿ ಎದುರುಬದುರಿನ ಕೈ ಕಾಲು ಚಾಚುವುದು, ತೊಡೆಯ ಮುಂಭಾಗದ ಬಿಗಿ ಸಡಿಲಿಸುವುದು. ಎಲ್ಲರಿಗೂ ಒಂದೇ ಜೆರಾಕ್ಸ್ ಹಾಳೆ ಕೊಟ್ಟು ಕಳಿಸುವುದು ನಮ್ಮ ಸೋಮಾರಿತನ. ಅದರಲ್ಲಿರುವ ಹಿಂದಕ್ಕೆ ಬಾಗುವ ವ್ಯಾಯಾಮ ಇವರ ನೋವನ್ನು ಕೆರಳಿಸೀತು.

ಅವರು ವರ್ಷಗಳಿಂದ ಕಟ್ಟಿಕೊಳ್ಳುವ ಬೆಲ್ಟ್? ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು), ಅಲ್ಟ್ರಾಸೌಂಡ್ ಚಿಕಿತ್ಸೆ ಮತ್ತು ಅಫೀಮು ಜಾತಿಯ ಓಪಿಯಾಯ್ಡ್ ಮಾತ್ರೆಗಳನ್ನು ವಾಡಿಕೆಯಾಗಿ ಕೊಡಬೇಡಿ ಅನ್ನುತ್ತದೆ. ಅದು ನಿರ್ದಿಷ್ಟ ಕಾರಣ ಸಿಗದ ನೋವಿಗೆ ಬರೆದದ್ದು, ಮೂಳೆ ಮುರಿದವರಿಗೆ ಅಕ್ಷರಶಃ ಅನ್ವಯಿಸುವುದಿಲ್ಲ. ಆದರೂ ಕೂಡಿಕೊಂಡ ಮೂಳೆಗೆ ಹನ್ನೊಂದು ವರ್ಷ ಕಾವಲು ಬೇಕಿಲ್ಲ. ಒಂದೇ ದಿನ ಕಿತ್ತೆಸೆಯಿರಿ ಅನ್ನದೆ ದಿನಕ್ಕೊಂದಿಷ್ಟು ಹೊತ್ತು ಬಿಚ್ಚಿಡಲು ಹೇಳುವುದು ನನಗೆ ಸರಿ ಕಂಡಿತು. ಭಯ ಬೆಲ್ಟಿಗಿಂತ ಬಿಗಿ.

ಮಾತ್ರೆಗಳ ಬಗ್ಗೆ ಚುಟುಕಾಗಿ: ಉರಿಯೂತ ತಗ್ಗಿಸುವ ನೋವಿನ ಮಾತ್ರೆ ಕೆಲವು ದಿನಕ್ಕೆ ಆದೀತು, ಹೊಟ್ಟೆ ಮತ್ತು ಕಿಡ್ನಿ ನೋಡಿಕೊಂಡು. ಪ್ಯಾರಾಸಿಟಮಾಲ್ ಒಂದರಿಂದಲೇ ಹೆಚ್ಚೇನೂ ಸಿಗದು. ಖಿನ್ನತೆಗೂ ಕೊಡುವ ಡ್ಯುಲಾಕ್ಸೆಟಿನ್ ಕೆಲವರಿಗೆ ಒದಗುತ್ತದೆ. ಕಾಲಿಗೆ ಇಳಿಯುವ ನರದ ನೋವಿಲ್ಲದವರಿಗೂ ನರದ ನೋವಿನ ಮದ್ದಾದ ಪ್ರಿಗ್ಯಾಬಲಿನ್ ಬರೆಯುವ ರೂಢಿಗೆ ಆಧಾರ ತೀರಾ ಕಮ್ಮಿ.

ಇಂಜೆಕ್ಷನ್ನಿನ ಸರದಿ ವ್ಯಾಯಾಮ ಸೋತ ಮೇಲೆ. ಫೆಸೆಟ್ ಕೀಲಿಗೆ ಹೋಗುವ ಸಣ್ಣ ನರದ ಬಳಿ ಮರವಳಿಕೆ ಮದ್ದು ಹಾಕಿದಾಗ ನೋವು ತಾತ್ಕಾಲಿಕವಾಗಿ ನಿಂತರೆ, ಮೂಲ ಅಲ್ಲೇ ಎಂಬುದಕ್ಕೆ ಬಲ ಸಿಗುತ್ತದೆ. ಆಮೇಲೆ ರೇಡಿಯೋಫ್ರೀಕ್ವೆನ್ಸಿಯಿಂದ, ಅಂದರೆ ರೇಡಿಯೋ ತರಂಗದ ಬಿಸಿಯಿಂದ, ಆ ನರವನ್ನು ಸುಡುವ ದಾರಿ ಇದೆ. ನರ ಮತ್ತೆ ಬೆಳೆಯುವುದರಿಂದ ಪರಿಹಾರ ಶಾಶ್ವತವಲ್ಲ. 2017ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಪ್ರಯೋಗಗಳಲ್ಲಿ ವ್ಯಾಯಾಮದ ಜೊತೆ ಇದನ್ನು ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ ಎಂಬುದೂ ನೆನಪಿರಲಿ. ಆಪರೇಷನ್ ಬೇಕಾಗುವುದು ಬಾಗು ಹೆಚ್ಚುತ್ತ ಹೋದರೆ, ಮೂಳೆ ಕೂಡದೆ ಅಲುಗಾಡುತ್ತಿದ್ದರೆ, ನರ ಒತ್ತಿಕೊಂಡಿದ್ದರೆ. ನೋವೊಂದೇ ಕಾರಣವಾದರೆ ಬಹಳ ಯೋಚಿಸಬೇಕು.

ಹೊರಡುವಾಗ ಅವರು ಕೇಳಿದ್ದು ಒಂದೇ: "ಈ ಸಲದ ಕೊಯ್ಲಿಗೆ ದೋಟಿ ಹಿಡೀಬಹುದಾ?" ಹಿಡಿಯಬಹುದು ಅಂದೆವು. ಒಂದು ಪಾದ ಮುಂದಿಟ್ಟು ನಿಲ್ಲಬೇಕು, ಕತ್ತೆತ್ತುವಾಗ ಸೊಂಟ ಹಿಂದಕ್ಕೆ ಹೋಗದಂತೆ ಹೊಟ್ಟೆ ಬಿಗಿ ಹಿಡಿಯಬೇಕು. ಸೊಂಟ ಹಿಡಿಯಲು ಶುರುವಾದೊಡನೆ ದೋಟಿಯನ್ನು ಜೊತೆಯವರ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಕೆಳಗಿನ ಉದುರಡಿಕೆ ಹೆಕ್ಕಬೇಕು.