ಎಣ್ಣೆ ಜಳಕದ ಮೊದಲಲ್ಲ, ಆಮೇಲೆ

ಡಿಸೆಂಬರ್ ಬಂತೆಂದರೆ ನನ್ನ ಕ್ಲಿನಿಕ್ಕಿನಲ್ಲಿ ದಿನವೂ ಒಂದೇ ದೂರು. "ಎಣ್ಣಿ ಹಚ್ಚೀನ್ರಿ ಡಾಕ್ಟ್ರ, ಆದ್ರೂ ತುರಿಸೂದು ನಿಲ್ಲವಲ್ದು." ಯಾವಾಗ ಹಚ್ಚಿದಿರಿ ಎಂದು ಕೇಳುತ್ತೇನೆ. "ಜಳಕದ ಮೊದಲ." ಅದಾದ ಮೇಲೆ ಸುಡುಸುಡು ನೀರು, ಎರಡು ಸಲ ಸೋಪು, ಸಾಲದ್ದಕ್ಕೆ ಒರಟು ಬ್ರಶ್ಶು. ಹಚ್ಚಿದ ಎಣ್ಣೆಯೆಲ್ಲ ಮೋರಿಗೆ ಹೋಯಿತು. ಹೋಗುವಾಗ ಚರ್ಮದ ಸ್ವಂತ ಜಿಡ್ಡನ್ನೂ ಕರೆದುಕೊಂಡು ಹೋಯಿತು!

ಕಲಬುರಗಿಯ ಜನ ಇದನ್ನು ಚಳಿಯ ಕಾಟ ಅನ್ನುತ್ತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ. ಇಲ್ಲಿ ಜನವರಿಯ ಮಧ್ಯಾಹ್ನವೂ 30 ಡಿಗ್ರಿ ಸುತ್ತಮುತ್ತ ಇರುತ್ತದೆ, ಫ್ಯಾನು ಹಾಕಬೇಕು. ಆ ಹೊತ್ತಿಗೆ ಮಂಗಳೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಬಿಸಿಲು. ಆದರೆ ಅಲ್ಲಿಯವರ ಕಾಲು ನುಣ್ಣಗಿರುತ್ತದೆ, ಇಲ್ಲಿಯವರದು ಜನವರಿಯ ಎರೆಹೊಲದ ಹಾಗೆ ಬಿರುಕು ಬಿಟ್ಟಿರುತ್ತದೆ. ಬಿಸಿಲು ಒಂದೇ ಆದಮೇಲೆ ತಪ್ಪು ಚಳಿಯದು ಹೇಗಾಗುತ್ತದೆ? ತಪ್ಪು ಒಣಗಾಳಿಯದು. ಕರಾವಳಿಯ ಗಾಳಿಯಲ್ಲಿ ಸಮುದ್ರದ ನೀರಿನ ಪಸೆ ಇರುತ್ತದೆ. ನಮ್ಮ ಕಡೆ ಬೀಸುವ ಮೂಡಗಾಳಿ ನೂರಾರು ಕಿಲೋಮೀಟರ್ ಒಣ ನೆಲ ದಾಟಿ ಬಂದಿರುತ್ತದೆ. ದಾರಿಯಲ್ಲಿ ಸಿಕ್ಕಿದ್ದರಿಂದೆಲ್ಲ ನೀರು ಹೀರುತ್ತದೆ, ನಿಮ್ಮ ಕಾಲಿನಿಂದಲೂ.

ನಾನು ಕುಂದಾಪುರದ ಕಡೆಯವನು. ನಮ್ಮಲ್ಲೂ ಮೈಗೆ ತೆಂಗಿನೆಣ್ಣೆ ಹಚ್ಚಿಯೇ ಸ್ನಾನ. ಅಲ್ಲಿ ಅದು ನಡೆಯುತ್ತದೆ, ಸ್ನಾನ ಮುಗಿಸಿ ಹೊರಗೆ ಬಂದರೂ ಗಾಳಿ ತೇವವಾಗಿಯೇ ಇರುತ್ತದಲ್ವಾ. ಅದೇ ಅಭ್ಯಾಸ ಹೊತ್ತು ಓದಲು ಇಲ್ಲಿಗೆ ಬರುವ ಕರಾವಳಿಯ ಹುಡುಗಿಯರು ಮೊದಲ ಸಂಕ್ರಾಂತಿಗೇ ಮೊಣಕಾಲ ಕೆಳಗೆ ಕೆರೆದುಕೊಂಡು ಬರುತ್ತಾರೆ. "ಇಲ್ಲಿನ ಬೋರ್ ನೀರು ಸರಿ ಇಲ್ಲ ಸರ್" ಅನ್ನುತ್ತಾರೆ. ಗಡಸು ನೀರು ಸ್ವಲ್ಪ ತೊಂದರೆ ಕೊಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮುಖ್ಯ ಕಳ್ಳ ಅದಲ್ಲ.

ಈಗ ನಾನು ಹೇಳಿ ಹೇಳಿ ಸಾಕಾದ ವಿಷಯ. ಚರ್ಮ ಮೆತ್ತಗಿರುವುದು ಎಣ್ಣೆಯಿಂದಲ್ಲ, ನೀರಿನಿಂದ. ಚರ್ಮದ ಮೇಲ್ಪದರ ಕಾಗದಕ್ಕಿಂತ ತೆಳು. ಅದರ ಜೀವಕೋಶಗಳ ನಡುವೆ ಜಿಡ್ಡು ತುಂಬಿರುತ್ತದೆ. ಒಳಗಿನ ನೀರು ಸುಮ್ನೆ ಆವಿಯಾಗಿ ಹೋಗದಂತೆ ಆ ಜಿಡ್ಡು ತಡೆಯುತ್ತದೆ. ಎಣ್ಣೆಯಲ್ಲಿ ನೀರಿಲ್ಲ, ಹಾಗಾಗಿ ಅದು ಚರ್ಮಕ್ಕೆ ನೀರು ಕೊಡಲಾರದು. ಇರುವ ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ಅಷ್ಟೇ ಅದರ ಕೆಲಸ. ಒಣಗಿದ ಮೈಗೆ ಹಚ್ಚಿದರೆ ಹಿಡಿದಿಡಲು ಏನಿದೆ? ಸ್ನಾನವಾದ ಕೂಡಲೇ ಮೇಲ್ಪದರ ನೀರು ಕುಡಿದಿರುತ್ತದೆ. ಆ ನೀರು ಕೆಲವೇ ನಿಮಿಷ ಇರುತ್ತದೆ. ಎಣ್ಣೆ ಬೇಕಾಗಿರುವುದು ಆಗ. ಟವೆಲ್ಲಿನಿಂದ ಉಜ್ಜಬೇಡಿ, ಒತ್ತಿಕೊಳ್ಳಿ. ಮೈ ಇನ್ನೂ ತುಸು ಹಸಿಯಾಗಿರುವಾಗಲೇ, ಬಚ್ಚಲಿನಿಂದ ಹೊರಗೆ ಬರುವ ಮೊದಲೇ ಹಚ್ಚಿ.

ಇಷ್ಟು ಸರಳ ಮಾತು ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಹೇಳಿದೆ. ತಲೆಯಾಡಿಸಿದರು, ಚೀಟಿಯಲ್ಲಿ ಬರೆದುಕೊಂಡರು. ಹದಿನೈದು ದಿನ ಬಿಟ್ಟು ಬಂದಾಗ ಕಾಲು ಇದ್ದ ಹಾಗೇ ಇತ್ತು. "ನೀವು ಹೇಳಿದಂಗ ಒದ್ದಿ ಮೈಗೇ ಹಚ್ಚೀನ್ರಿ" ಅಂದರು. "ಮ್ಯಾಲೆ ಇನ್ನೆರಡು ತಂಬಿಗಿ ಬಿಸಿನೀರು ಹಾಕ್ಕೊಂಡು, ಜಿಡ್ಡು ಉಳಿಬಾರ್ದಂತ ಒಂದೀಟು ಸಾಬೂನು…" ಅವರ ಹೆಂಡತಿ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಧೋತರಕ್ಕೆ ಎಣ್ಣೆ ಅಂಟುತ್ತದೆ ಎಂಬುದು ಮೇಷ್ಟ್ರ ಚಿಂತೆ. ಕಡೆಗೆ ಅವರಿಗೆ ವ್ಯಾಸಲೀನು ತೆಳ್ಳಗೆ ಹಚ್ಚಲು ಹೇಳಿದೆ, ಹಳೆಯ ಲುಂಗಿ ಉಟ್ಟು ಅರ್ಧ ಗಂಟೆ ಕೂರಬೇಕೆಂಬ ಷರತ್ತಿನ ಮೇಲೆ. ಈಗ ಊರಿಗೆಲ್ಲ ಅವರೇ ಪಾಠ ಹೇಳುತ್ತಾರಂತೆ.

ದುಬಾರಿ ಕ್ರೀಮೇ ಬೇಕೆಂದಿಲ್ಲ. ಹೆಚ್ಚಿನವರಿಗೆ ವ್ಯಾಸಲೀನು ಅಥವಾ ಕೊಬ್ಬರಿ ಎಣ್ಣೆ ಸಾಕು. ಆಲಿವ್ ಎಣ್ಣೆಯ ಹುಚ್ಚು ಬೇಡ, ಅದು ಮೇಲ್ಪದರವನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಸಂಕ್ರಾಂತಿಗೆ ಎಳ್ಳು ಅರೆದು ಹಚ್ಚಿಕೊಂಡು ಜಳಕ ಮಾಡುವುದು ಚೆಂದವೇ, ಅದರ ಮೇಲೆ ಸೋಪು ಹಾಕದಿದ್ದರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನಂತೂ ನಾನು ಚರ್ಮದ ನೆಪ ಇಲ್ಲದೆಯೇ ತಿನ್ನುತ್ತೇನೆ.

ಮಲೆನಾಡಿನದು ಬೇರೆ ಕಥೆ. ತೀರ್ಥಹಳ್ಳಿ, ಮಡಿಕೇರಿ ಕಡೆ ಬೆಳಗ್ಗೆ ನಮಗಿಂತ ಜಾಸ್ತಿ ಚಳಿ, ಆದರೆ ಮಂಜು ಇಬ್ಬನಿಯಿಂದ ಗಾಳಿ ಅಷ್ಟು ಒಣಗಿರುವುದಿಲ್ಲ. ಅಲ್ಲಿಯವರ ಚರ್ಮ ಕೆಡಿಸುವುದು ಬಚ್ಚಲ ಒಲೆ. ಹಂಡೆ ತುಂಬ ನೀರು ಕುದಿಯುತ್ತಿದ್ದರೆ ಎರಡು ತಂಬಿಗೆಯಲ್ಲಿ ಎದ್ದು ಬರಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ಒಲೆಯ ಮುಂದೆ ದಿನವೂ ಕಾಲು ಚಾಚಿ ಕೂರುವ ಅಜ್ಜಿಯರ ಮೊಣಕಾಲ ಕೆಳಗೆ ಮೀನಿನ ಬಲೆಯಂಥ ಕಂದು ಗೆರೆಗಳು ಮೂಡಿರುತ್ತವೆ. ಕಾಶ್ಮೀರದಲ್ಲಿ ಫೆರನ್ ಎಂಬ ನಿಲುವಂಗಿಯೊಳಗೆ ಕಾಂಗ್ಡಿ ಎಂಬ ಕೆಂಡದ ಬುಟ್ಟಿ ಇಟ್ಟುಕೊಳ್ಳುವವರ ತೊಡೆ, ಹೊಟ್ಟೆಯ ಮೇಲೂ ಇದೇ ಗುರುತು. ವರ್ಷಗಟ್ಟಲೆ ಹಾಗೇ ಕಾಯಿಸಿಕೊಂಡರೆ ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಆಗುವುದೂ ಉಂಟು. ಬೆಂಕಿಯಿಂದ ಸ್ವಲ್ಪ ದೂರ ಕೂತರೆ ಸಾಕು.

ಇನ್ನು ಅಮೆರಿಕ, ಕೆನಡಾಕ್ಕೆ ಮಕ್ಕಳ ಮನೆಗೆ ಹೋಗುವ ಹಿರಿಯರು. "ಮನೆಯೊಳಗೆ ಬೆಚ್ಚಗಿದೆ, ಆದರೂ ಮೈಯೆಲ್ಲ ತುರಿಕೆ" ಎಂದು ವಿಡಿಯೊ ಕಾಲ್‌ನಲ್ಲಿ ಬೆನ್ನು ತೋರಿಸುತ್ತಾರೆ. ಹೊರಗಿನ ಮೈನಸ್ 10 ಡಿಗ್ರಿಯ ಗಾಳಿಯನ್ನು ಒಳಗೆ 22 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇಕಡಾ 10ರ ಆಸುಪಾಸಿಗೆ ಇಳಿಯುತ್ತದೆ. ಅಡುಗೆ, ಸ್ನಾನ, ಉಸಿರಿನಿಂದ ತುಸು ಏರುತ್ತದೆ, ನಿಜ. ಆದರೂ ನಮ್ಮ ಕಲಬುರಗಿಯೇ ವಾಸಿ. ಅಲ್ಲಿ ಹೀಟರ್ ತಗ್ಗಿಸಿ ಒಂದು ಸ್ವೆಟರ್ ಜಾಸ್ತಿ ಹಾಕಿಕೊಳ್ಳಿ. ಉಣ್ಣೆ ನೇರ ಮೈಗೆ ತಾಗದಂತೆ ಒಳಗೆ ಹತ್ತಿ ಬಟ್ಟೆ ಇರಲಿ.

ಎಲ್ಲ ತುರಿಕೆಯೂ ಒಣಗಾಳಿಯದಲ್ಲ. ಮನೆಮಂದಿಗೆಲ್ಲ ರಾತ್ರಿ ಹೊತ್ತು ಜಾಸ್ತಿ ತುರಿಸಿದರೆ ಅದು ಕಜ್ಜಿ ಇರಬಹುದು. ಎಣ್ಣೆ ಸರಿಯಾಗಿ ಹಚ್ಚಿ ಎರಡು ವಾರವಾದರೂ ಇಡೀ ಮೈ ತುರಿಸುತ್ತಿದ್ದರೆ ಶುಗರ್, ಥೈರಾಯ್ಡ್, ಕಿಡ್ನಿ, ಲಿವರ್ ನೋಡಬೇಕಾಗುತ್ತದೆ. ಮೆಡಿಕಲ್ ಶಾಪಿನವರು ಕೊಡುವ ತುರಿಕೆ ಮುಲಾಮನ್ನು ದಯವಿಟ್ಟು ಹಚ್ಚಬೇಡಿ. ಬಹಳಷ್ಟರಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಹಾಯೆನಿಸಿ ಆಮೇಲೆ ಚರ್ಮ ತೆಳುವಾಗುತ್ತದೆ.

ಹಿಮ್ಮಡಿ ಒಡೆದವರು ಬಿಸಿನೀರಿಗೆ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಒತ್ತಿಕೊಂಡು, ಯೂರಿಯಾ ಇರುವ ಕ್ರೀಮು ಹಚ್ಚಿ ಕಾಲುಚೀಲ ಹಾಕಿ ಮಲಗಿ. ಶುಗರ್ ಇರುವವರು ನೀರಿನ ಬಿಸಿಯನ್ನು ಕಾಲಿನಿಂದ ನೋಡಬೇಡಿ, ಮೊಣಕೈಯಿಂದ ನೋಡಿ. ಕಾಲು ಜೋಮು ಹಿಡಿದಿದ್ದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಸೀಳಿನಲ್ಲಿ ರಕ್ತ, ಕೀವು ಕಂಡರೆ ಅದೇ ದಿನ ತೋರಿಸಿ. ಮತ್ತೆ ಆ ಬ್ಲೇಡು ಕೆಳಗಿಡಿ.