ಡಿಸ್‌ಲೊಕೇಶನ್‌ಗಳು ಗೋಡೆ ಕಟ್ಟುವುದು ಯಾಕೆ?

ತಾಮ್ರದ ತಂತಿಯನ್ನು ಒಮ್ಮೆ ಚೆನ್ನಾಗಿ ಬಗ್ಗಿಸಿ, ಆಮೇಲೆ ನೇರ ಮಾಡಿ ನೋಡಿ. ಬಗ್ಗಿದ ಜಾಗ ಹಟ ಹಿಡಿಯುತ್ತದೆ, ಅದರ ಪಕ್ಕದ ಮೆತ್ತನೆ ಜಾಗ ಮೊದಲು ಮಣಿಯುತ್ತದೆ. ತಂತಿಗೆ ಹೊಸದಾಗಿ ಏನೂ ಸೇರಿಸಿಲ್ಲ, ಆದರೂ ಗಟ್ಟಿಯಾಯಿತು. ಒಳಗೆ ಹೆಚ್ಚಿದ್ದು ಪರಮಾಣುಗಳ ಜೋಡಣೆಯಲ್ಲಿನ ದೋಷಗಳು ಮಾತ್ರ.

ಇಲ್ಲೇ ನಾನು ತುಂಬಾ ದಿನ ಎಡವಿದ್ದೆ. ದೋಷ ಇರುವುದರಿಂದಲೇ ಲೋಹ ಮೆತ್ತಗೆ ಅಂತ ಮೊದಲ ಪಾಠ ಹೇಳುತ್ತದೆ. 1926ರಲ್ಲಿ ಭೌತವಿಜ್ಞಾನಿ ಫ್ರೆಂಕೆಲ್ ಹಾಕಿದ ಲೆಕ್ಕದ ಪ್ರಕಾರ, ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಇಡಿಯಾಗಿ ಜಾರಲು ಶಿಯರ್ ಮಾಡ್ಯುಲಸ್‌ನ (ಪದರಗಳು ಓರೆಯಾಗಿ ಸರಿಯದಂತೆ ಲೋಹ ತೋರುವ ಬಿಗುವಿನ ಅಳತೆ) ಸುಮಾರು ಆರನೇ ಒಂದು ಪಾಲಿನಷ್ಟು ಸ್ಟ್ರೆಸ್, ಅಂದರೆ ಇಂತಿಷ್ಟು ವಿಸ್ತೀರ್ಣದ ಮೇಲಿನ ಬಲ, ಬೇಕು. ನಿಜವಾದ ಲೋಹದ ಹರಳುಗಳು ಅದರ ಸಾವಿರದಲ್ಲೊಂದು ಪಾಲಿಗೂ ಮಣಿಯುವುದುಂಟು. ಪದರ ಇಡಿಯಾಗಿ ಜಾರುವುದಿಲ್ಲ, ಡಿಸ್‌ಲೊಕೇಶನ್ ಎಂಬ ಗೆರೆಯಂಥ ದೋಷ ಸಾಗುತ್ತಾ ಹೋದಂತೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ ಎಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಬೇರೆ ಬೇರೆಯಾಗಿ ಹೇಳಿದರು. ಹಾಗಿದ್ದರೆ ದೋಷ ಜಾಸ್ತಿಯಾದಷ್ಟೂ ಇನ್ನೂ ಮೆತ್ತಗಾಗಬೇಕಿತ್ತು, ಅಲ್ವಾ?

ಒಂದೇ ಡಿಸ್‌ಲೊಕೇಶನ್ ಇದ್ದರೆ ಅದಕ್ಕೆ ದಾರಿ ಖಾಲಿ. ಗುಂಪು ಸೇರಿದರೆ ಒಂದಕ್ಕೊಂದು ಅಡ್ಡ. ಹದವಾಗಿ ಕಾಯಿಸಿ ಮೆತ್ತಗೆ ಮಾಡಿದ ಲೋಹದ ಒಂದು ಘನ ಸೆಂಟಿಮೀಟರಿನಲ್ಲಿ ಈ ಗೆರೆಗಳ ಒಟ್ಟು ಉದ್ದ ಸುಮಾರು 10 ಕಿಲೋಮೀಟರ್ ಇರಬಹುದು. ಚೆನ್ನಾಗಿ ಬಡಿದರೆ ಅದೇ 10 ಲಕ್ಷ ಕಿಲೋಮೀಟರ್ ಮುಟ್ಟುತ್ತದೆ. ಚಂದ್ರನಿಗೆ ಹೋಗಿ ಬಂದರೂ ಮಿಗುತ್ತದೆ! ಟೇಲರ್ ಸೂತ್ರದಂತೆ ಗಟ್ಟಿತನ ಈ ಗೆರೆಗಳ ಸಾಂದ್ರತೆಯ (ಒಂದು ಘನ ಸೆಂಟಿಮೀಟರಿನಲ್ಲಿರುವ ಒಟ್ಟು ಉದ್ದ) ವರ್ಗಮೂಲದಂತೆ ಏರುತ್ತದೆ: ಸಾಂದ್ರತೆ 4 ಪಟ್ಟಾದರೆ, ಅದರಿಂದ ಬರುವ ಗಟ್ಟಿತನ 2 ಪಟ್ಟು.

ಆದರೆ ಇಷ್ಟು ಗೆರೆಗಳು ಎಲ್ಲಾ ಕಡೆ ಸಮವಾಗಿ ಹರಡಿಕೊಳ್ಳುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಟ್ಟ ಗೋಡೆಗಳು, ನಡುವೆ ಹೆಚ್ಚುಕಡಿಮೆ ಖಾಲಿ ಕೋಣೆಗಳು. ಇದಕ್ಕೆ ಸೆಲ್ ರಚನೆ ಎನ್ನುತ್ತಾರೆ. ಯಾಕೆ ಹೀಗೆ?

ಎಡ್ಜ್ ಡಿಸ್‌ಲೊಕೇಶನ್ ಅಂದರೆ ಮೇಲಿಂದ ಒಂದು ಹೆಚ್ಚುವರಿ ಅರ್ಧ ಪದರ ತೂರಿಸಿದ ಹಾಗೆ. ಅದರ ಅಂಚಿನ ಮೇಲುಗಡೆ ಪರಮಾಣುಗಳಿಗೆ ಇಕ್ಕಟ್ಟು, ಕೆಳಗಡೆ ಎಳೆತ. ಒಂದೇ ಬಗೆಯ ಎರಡು ಎಡ್ಜ್‌ಗಳು ಒಂದೇ ಜಾರುತಲದಲ್ಲಿದ್ದರೆ ಒಂದನ್ನೊಂದು ದೂಡುತ್ತವೆ. ಆದರೆ ಒಂದರ ಕೆಳಗೆ ಒಂದು ನಿಂತರೆ, ಮೇಲಿನದರ ಎಳೆತಕ್ಕೆ ಕೆಳಗಿನದರ ಇಕ್ಕಟ್ಟು ಎದುರಾಗುತ್ತದೆ. ಎರಡೂ ಬಹುಪಾಲು ವಜಾ. ಹಾಗೆ ಉದ್ದಕ್ಕೆ ಸಾಲು ನಿಂತರೆ, ಸಾಲಿನಿಂದ ಸ್ವಲ್ಪ ದೂರ ಹೋದರೂ ಸಾಕು, ಸ್ಟ್ರೆಸ್ ಬಹುತೇಕ ಮಾಯ. ಶಕ್ತಿ ಉಳಿಯಿತು, ಗೋಡೆ ನಿಂತಿತು. ಈ ಗೋಡೆಯ ಎರಡು ಬದಿಯ ಹರಳು ತುಸು ಓರೆಯಾಗಿರುತ್ತದೆ. ಓರೆ ಎಷ್ಟು? ಬರ್ಗರ್ಸ್ ವೆಕ್ಟರನ್ನು (ಒಂದು ಡಿಸ್‌ಲೊಕೇಶನ್ ಸಾಗಿದಾಗ ಹರಳು ಜಾರುವ ದೂರ) ಡಿಸ್‌ಲೊಕೇಶನ್‌ಗಳ ನಡುವಿನ ಅಂತರದಿಂದ ಭಾಗಿಸಿ. 0.25 ನ್ಯಾನೋಮೀಟರನ್ನು 25 ನ್ಯಾನೋಮೀಟರ್ ಅಂತರದಿಂದ ಭಾಗಿಸಿದರೆ 0.01 ರೇಡಿಯನ್, ಅಂದರೆ 0.6 ಡಿಗ್ರಿಯ ಹತ್ತಿರ. ಪರೀಕ್ಷೆಗೆ ಸುಮ್ನೆ ಸೂತ್ರ ಉರು ಹೊಡೆಯುವ ಬದಲು ಈ ಚಿತ್ರ ಒಮ್ಮೆ ಬರೆದು ನೋಡಿ.

ಗೋಡೆ ಕಟ್ಟಲು ಜಾರುತಲ ಬಿಟ್ಟು ಇನ್ನೊಂದಕ್ಕೆ ದಾಟುವ ಸ್ವಾತಂತ್ರ್ಯವೂ ಬೇಕು. ಜಾರುವ ದಿಕ್ಕಿಗೆ ಸಮಾನಾಂತರವಾಗಿರುವ ಸ್ಕ್ರೂ ಡಿಸ್‌ಲೊಕೇಶನ್‌ಗಳಿಗೆ ಅದು ಸಾಧ್ಯ, ಇದೇ ಕ್ರಾಸ್ ಸ್ಲಿಪ್. ಅಲ್ಯೂಮಿನಿಯಂನಲ್ಲಿ ಸ್ಟ್ಯಾಕಿಂಗ್ ಫಾಲ್ಟ್ ಶಕ್ತಿ (ಪದರಗಳ ಸರಣಿ ತಪ್ಪಿದರೆ ತಗಲುವ ಶಕ್ತಿ) ಜಾಸ್ತಿ, ದಾಟುವುದು ಸುಲಭ, ಹಾಗಾಗಿ ಸೆಲ್‌ಗಳು ಅಚ್ಚುಕಟ್ಟು. ಸತು ಹೆಚ್ಚಿರುವ ಹಿತ್ತಾಳೆಯಲ್ಲಿ ಆ ಶಕ್ತಿ ಕಡಿಮೆ. ಡಿಸ್‌ಲೊಕೇಶನ್ ಎರಡಾಗಿ ಸೀಳಿ ತನ್ನ ತಲದಲ್ಲೇ ಸಿಕ್ಕಿಬೀಳುತ್ತದೆ, ಅಲ್ಲಿ ಸೆಲ್ ಬದಲು ಚಪ್ಪಟೆ ಸಾಲುಗಳು ಕಾಣುತ್ತವೆ.

ತಾಮ್ರವನ್ನು ಹಿಂದೆ ಮುಂದೆ ಸಾವಿರಾರು ಸಲ ಎಳೆದು ಒತ್ತಿದಾಗ ಬರುವ ರಚನೆ ನನಗೆ ಎಲ್ಲಕ್ಕಿಂತ ಇಷ್ಟ. ಕೆಲವು ಕಿರಿದಾದ ಪಟ್ಟಿಗಳೊಳಗೆ ಗೋಡೆಗಳು ಏಣಿಯ ಮೆಟ್ಟಿಲಿನಂತೆ ಸಾಲಾಗಿ ನಿಲ್ಲುತ್ತವೆ, ಮೆಟ್ಟಿಲುಗಳ ನಡುವಿನ ಓಣಿಯಲ್ಲಿ ಸ್ಕ್ರೂಗಳು ಓಡಾಡುತ್ತವೆ. ಮೇಲ್ಮೈಯನ್ನು ಉಜ್ಜಿ ಪಾಲಿಶ್ ಮಾಡಿ ಮತ್ತೆ ಹೇರು ಹಾಕಿದರೂ ಪಟ್ಟಿಗಳು ಅದೇ ಜಾಗದಲ್ಲಿ ಮೂಡುತ್ತವೆ. ದಣಿವಿನ (ಹೀಗೆ ಪದೇ ಪದೇ ಎಳೆದು ಒತ್ತುವುದರಿಂದ ಬರುವ) ಬಿರುಕು ಸಾಮಾನ್ಯವಾಗಿ ಶುರುವಾಗುವುದೂ ಅಲ್ಲಿಂದಲೇ.