ಪೆಟ್ಟು ಬೀಳುವ ಕ್ಷಣ: ಸೋಲ್ ಮತ್ತು ಫಂಕ್ ಕೇಳಲು ಕಲಿಯುವವರಿಗೆ ಟಿಪ್ಪಣಿ

ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸೋಲ್ ಸಂಗೀತದ ಹಳೆಯ ಮುದ್ರಿಕೆಗಳ ಮಾತು ಬಂದಾಗ ಹೆಚ್ಚಿನವರು ಕಂಠದಿಂದ ಶುರು ಮಾಡುತ್ತಾರೆ. ಅರೀತಾ ಫ್ರಾಂಕ್ಲಿನ್, ಓಟಿಸ್ ರೆಡಿಂಗ್ ಅವರ ಕಂಠಕ್ಕೆ ಟಿಪ್ಪಣಿ ಬೇಕಿಲ್ಲ, ಕೇಳಿದೊಡನೆ ಎದೆಗೆ ತಾಗುತ್ತದೆ. ಆದರೆ ಅರವತ್ತು ವರ್ಷ ಕಳೆದರೂ ಈ ಹಾಡುಗಳು ಹಳಸದೆ ಉಳಿದದ್ದು ಹೇಗೆ ಎಂದು ಹುಡುಕುವಾಗ ನಾನು ಡ್ರಮ್ ಮತ್ತು ಬೇಸ್ ಗಿಟಾರಿಗೆ ಕಿವಿಗೊಡುತ್ತೇನೆ. ಪೆಟ್ಟು ಯಾವ ಕ್ಷಣದಲ್ಲಿ ಬೀಳುತ್ತದೆ ಎನ್ನುವುದರಲ್ಲೇ ಅವುಗಳ ಜೀವವಿದೆ ಎಂಬುದು ನನ್ನ ನಂಬಿಕೆ.

ಮೊದಲು ಎಣಿಕೆ ಗಟ್ಟಿಯಾಗಲಿ. ಇವುಗಳಲ್ಲಿ ಬಹುಪಾಲು ನಾಲ್ಕು ಎಣಿಕೆಯ ಆವರ್ತದವು. ಸ್ನೇರ್ ಡ್ರಮ್ಮಿನ (ಚುರುಕಾದ, ಚಟಪಟ ಸದ್ದಿನ ಚಿಕ್ಕ ಡ್ರಮ್) ಗಟ್ಟಿ ಪೆಟ್ಟು ಸಾಮಾನ್ಯವಾಗಿ ಎರಡಕ್ಕೂ ನಾಲ್ಕಕ್ಕೂ ಬೀಳುತ್ತದೆ. ಸಮಕ್ಕೆ ತಟ್ಟಿ ರೂಢಿಯಾದ ಕೈಗೆ ಇದು ಮೊದಮೊದಲು ಒಗ್ಗುವುದಿಲ್ಲ. ಒಂದಕ್ಕೆ ಕಾಲು, ಎರಡಕ್ಕೆ ಕೈ ಎಂದು ಹಂಚಿಕೊಂಡರೆ ದಾರಿ ಸಿಗುತ್ತದೆ.

ಈಗ 1965ರ ಮೆಂಫಿಸ್ ನಗರಕ್ಕೆ ಬನ್ನಿ. ಸ್ಟ್ಯಾಕ್ಸ್ ಸಂಸ್ಥೆಯ ಸ್ಟುಡಿಯೋದಲ್ಲಿ ಗಾಯಕ ವಿಲ್ಸನ್ ಪಿಕೆಟ್ ಅವರ 'ಇನ್ ದ ಮಿಡ್‌ನೈಟ್ ಅವರ್' ಮುದ್ರಣ ನಡೆಯುತ್ತಿತ್ತು. ಅಟ್ಲಾಂಟಿಕ್ ಸಂಸ್ಥೆಯ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ವಾದಕರ ನಡುವೆ ಬಂದು, ಆಗ ಯುವಜನ ಕುಣಿಯುತ್ತಿದ್ದ 'ಜರ್ಕ್' ನೃತ್ಯವನ್ನು ಮೈಯಾಡಿಸಿ ತೋರಿಸಿದರು. ಒತ್ತು ಎರಡನೇ ಎಣಿಕೆಗೆ ಇರಲಿ ಎಂಬುದು ಅವರ ಬಯಕೆ. ಗಿಟಾರ್ ವಾದಕ ಸ್ಟೀವ್ ಕ್ರಾಪರ್, ಡ್ರಮ್ ವಾದಕ ಆಲ್ ಜ್ಯಾಕ್ಸನ್ ಆ ಕುಣಿತವನ್ನು ನೋಡಿ ಎರಡು ಮತ್ತು ನಾಲ್ಕರ ಪೆಟ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದರು. ತಾಳ ತಪ್ಪಿಲ್ಲ, ಗತಿ ಕುಗ್ಗಿಲ್ಲ, ಪೆಟ್ಟು ಮಾತ್ರ ಒಂದಿಷ್ಟು ಕಾಯಿಸಿ ಬರುತ್ತದೆ. ಆ ಕಾಯುವಿಕೆಯಲ್ಲಿ ಮೈ ತಾನಾಗಿ ಮುಂದಕ್ಕೆ ವಾಲುತ್ತದೆ. ಒಮ್ಮೆ ಬರೀ ಸ್ನೇರ್ ಹಿಡಿದು ಹಾಡನ್ನು ಕೇಳಿ, ನೀವು ತಟ್ಟಿದ ಚಪ್ಪಾಳೆ ಅದಕ್ಕಿಂತ ಮೊದಲೇ ಬಿದ್ದಿರುತ್ತದೆ.

ಆ ಸ್ಟುಡಿಯೋ ಹಿಂದೆ ಚಿತ್ರಮಂದಿರವಾಗಿತ್ತು. ಪ್ರೇಕ್ಷಕರಿಗಾಗಿ ಮಾಡಿದ್ದ ಇಳಿಜಾರು ನೆಲ ಹಾಗೆಯೇ ಉಳಿದಿತ್ತು. ಅಲ್ಲಿ ನುಡಿಸುತ್ತಿದ್ದ, ಕ್ರಾಪರ್ ಮತ್ತು ಜ್ಯಾಕ್ಸನ್ ಇದ್ದ ಬೂಕರ್ ಟಿ. ತಂಡದ ನಾಲ್ವರಲ್ಲಿ ಇಬ್ಬರು ಕಪ್ಪು ಜನಾಂಗದವರು, ಇಬ್ಬರು ಬಿಳಿಯರು. ವರ್ಣಭೇದದ ಊರಿನಲ್ಲಿ ಅವರು ಒಂದೇ ಕೋಣೆಯಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತಾ ನುಡಿಸಿದರು. ಅವರೆಲ್ಲ ಸೇರಿ ಹಾಡು ಕಟ್ಟುತ್ತಿದ್ದ ಜಾಗಗಳಲ್ಲಿ ಲೊರೇನ್ ಮೋಟೆಲ್ ಒಂದು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾದದ್ದು ಅಲ್ಲಿಯೇ. ಈ ಸಂಗತಿ ತಿಳಿದ ಮೇಲೆ ಆ ಮುದ್ರಿಕೆಗಳನ್ನು ಬರೀ ಕುಣಿತದ ಹಾಡುಗಳೆಂದು ಕೇಳಲು ನನ್ನಿಂದ ಆಗಿಲ್ಲ.

ಡೆಟ್ರಾಯಿಟಿನ ಮುದ್ರಿಕೆ ಸಂಸ್ಥೆ ಮೋಟೌನ್ ಬಗ್ಗೆ ಚಿಕ್ಕದಾಗಿ: ಅಲ್ಲಿನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಅಷ್ಟು ಹಾಡುಗಳಿಗೆ ನುಡಿಸಿಯೂ ಅವರ ಹೆಸರು ಮೋಟೌನ್ ತಟ್ಟೆಯ ಹೊದಿಕೆಯ ಮೇಲೆ ಅಚ್ಚಾಗಲು ಮಾರ್ವಿನ್ ಗೇ ಅವರ 1971ರ ಆಲ್ಬಂ 'ವಾಟ್ಸ್ ಗೋಯಿಂಗ್ ಆನ್' ಬರಬೇಕಾಯಿತು.

ಇನ್ನು ಫಂಕ್, ಅಂದರೆ ಸೋಲ್‌ನಿಂದ ಬೆಳೆದ, ಲಯವೇ ಮುಂದಾದ ಸಂಗೀತ. ಗಾಯಕ ಜೇಮ್ಸ್ ಬ್ರೌನ್ ಒತ್ತನ್ನು ಎತ್ತಿ ಒಂದನೇ ಎಣಿಕೆಯ ಮೇಲಿಟ್ಟರು. ಎಲ್ಲ ವಾದ್ಯಗಳೂ 'ಒಂದು' ಎಂಬಲ್ಲಿ ಕೂಡಬೇಕು, ಆಮೇಲೆ ಆವರ್ತದೊಳಗೆ ತಮ್ಮ ತಮ್ಮ ದಾರಿ ಹಿಡಿಯಬಹುದು. ಸಮಕ್ಕೆ ಬಂದು ಸೇರುವ ಸುಖ ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. 1967ರ 'ಕೋಲ್ಡ್ ಸ್ವೆಟ್' ಕೇಳಿದರೆ ರಾಗದ ಚಲನೆ ತೀರಾ ಕಡಿಮೆ, ಗಿಟಾರೂ ತುತ್ತೂರಿಯೂ ಡ್ರಮ್ಮಿನಂತೆಯೇ ಕೆಲಸ ಮಾಡುತ್ತವೆ.

ಇದರ ತುದಿ ಬ್ರೌನ್ ಅವರದೇ 'ಫಂಕಿ ಡ್ರಮ್ಮರ್' ಹಾಡು. 1969ರ ನವೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ಮುದ್ರಣವಾಯಿತು, ಡ್ರಮ್ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರದು. ಚಾಟನೂಗದಲ್ಲಿ ಬೆಳೆಯುವಾಗ ಕಾರ್ಖಾನೆಗಳ ಮತ್ತು ರೈಲುಗಳ ಸದ್ದಿನಿಂದ ಲಯ ಕಲಿತವರು ಅವರು. ಹಾಡಿನ ನಡುವೆ ಬ್ರೌನ್ ಎಲ್ಲ ವಾದ್ಯಗಳನ್ನೂ ನಿಲ್ಲಿಸಿ ಡ್ರಮ್ ಒಂದನ್ನೇ ಮುಂದುವರಿಸುತ್ತಾರೆ. ಪ್ರತಿ ಎಣಿಕೆಗೊಂದು 'ತಕದಿಮಿ' ಹೇಳಿಕೊಳ್ಳಿ. ಆ ಅಕ್ಷರಗಳ ಓಟವನ್ನು ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಕಾಯುತ್ತದೆ, ಗಟ್ಟಿ ಪೆಟ್ಟು ಎರಡಕ್ಕೂ ನಾಲ್ಕಕ್ಕೂ ಬರುತ್ತದೆ. ಅವುಗಳ ನಡುವೆ ಸ್ನೇರಿನ ಮೇಲೆ ಕಡ್ಡಿ ತಾಗಿತೋ ಇಲ್ಲವೋ ಎಂಬಂತಹ ಪಿಸುಪೆಟ್ಟುಗಳಿವೆ. ಮೊಬೈಲ್ ಸ್ಪೀಕರಿನಲ್ಲಿ ಅವು ಕಳೆದುಹೋಗುತ್ತವೆ, ಇಯರ್‌ಫೋನ್ ಬೇಕು.

ಎಂಟು ಆವರ್ತ, ಸುಮಾರು ಇಪ್ಪತ್ತು ಸೆಕೆಂಡು. ಇಷ್ಟನ್ನೇ ಕತ್ತರಿಸಿ ಹಿಪ್-ಹಾಪ್ ಕಲಾವಿದರು ಸಾವಿರಕ್ಕೂ ಹೆಚ್ಚು ಹಾಡುಗಳಿಗೆ ಅಡಿಪಾಯ ಮಾಡಿಕೊಂಡರು. ಪಬ್ಲಿಕ್ ಎನಿಮಿ ತಂಡದ 1989ರ 'ಫೈಟ್ ದ ಪವರ್' ಅವುಗಳಲ್ಲೊಂದು. ಆದರೆ ಸ್ಟಬಲ್‌ಫೀಲ್ಡ್ ಹಾಡಿನ ಕರ್ತೃವೆಂದು ದಾಖಲಾಗಿರಲಿಲ್ಲ, ಹಾಗಾಗಿ ಗೌರವಧನದಲ್ಲಿ ಅವರಿಗೆ ಹಕ್ಕಿನ ಪಾಲಿರಲಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಈ ಅನ್ಯಾಯ ನನ್ನನ್ನು ಇಂದಿಗೂ ನೋಯಿಸುತ್ತದೆ.

ಅಭ್ಯಾಸಕ್ಕೆ ಕತ್ತರಿಸಿದ ತುಣುಕನ್ನು ಹಾಕಿಕೊಳ್ಳಬೇಡಿ. 1986ರ 'ಇನ್ ದ ಜಂಗಲ್ ಗ್ರೂವ್' ಸಂಕಲನದಲ್ಲಿ ಬಂದ ಹಾಡಿನ ದೀರ್ಘ ರೂಪವನ್ನು ಮೊದಲಿನಿಂದ ಕೇಳಿ, ಐದು ನಿಮಿಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಅಷ್ಟು ಹೊತ್ತು ಬೇಸ್, ಗಿಟಾರ್, ಸ್ಯಾಕ್ಸೊಫೋನ್ ಕಿವಿಯಲ್ಲಿ ತುಂಬಿಕೊಂಡಿದ್ದರೇನೇ ಅವು ಸರಿದಾಗ ಡ್ರಮ್ ಒಂಟಿಯಾಗಿ ನಿಂತದ್ದು ತಿಳಿಯುತ್ತದೆ. ಎಣಿಕೆ ಬಿಡದೆ ಹಿಡಿದಿರಿ, ಎಲ್ಲರೂ ಮರಳಿ ಬಂದು ಕೂಡುವುದು 'ಒಂದ'ರ ಮೇಲೆ.